ಟಾರ್ಚ್ ಆರಿದ ಮೇಲಲ್ಲ, ಆರುವ ಮೊದಲೇ ಸೆಲ್ಲಿನ ವೋಲ್ಟೇಜು ನೋಡಿ

ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ವಾರಗಳಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಅಡಿಕೆ ತೋಟಗಳಿಗೆ ಟಾರ್ಚ್ ಇಲ್ಲದೆ ಇಳಿಯುವವರಿಲ್ಲ. ಚಿರತೆಯ ಭಯ ಹೆಚ್ಚಿದಂತೆಲ್ಲ, ಈ ಬದುವಿನಿಂದ ಆ ಬದುವಿನವರೆಗೆ ಬೆಳಕು ಚೆಲ್ಲುವ ಲಿಥಿಯಂ ಸೆಲ್ಲಿನ ಟಾರ್ಚುಗಳು ಮನೆಮನೆಗೂ ಬಂದಿವೆ. ಆದರೆ ಅವನ್ನು ಕೆಡಿಸುವ ರೀತಿ ಎಲ್ಲ ಕಡೆಯೂ ಒಂದೇ ಆಗಿದೆ: ದೀಪ ತಾನಾಗಿ ಆರುವವರೆಗೆ ಉರಿಸುವುದು, ಹಾಗೆಯೇ ತಿಂಗಳುಗಟ್ಟಲೆ ಗೂಟಕ್ಕೆ ನೇತುಹಾಕುವುದು, ಬೇಕಾದಾಗ ತೆಗೆದು ನೇರವಾಗಿ ಚಾರ್ಜಿಗೆ ಹಾಕುವುದು. ಹೀಗೆ ಚಾರ್ಜಿಗಿಟ್ಟ ಸೆಲ್ಲೊಂದು ನಮ್ಮ ಪಂಪ್‌ಮನೆಯಲ್ಲೇ ಚಾರ್ಜರಿನ ಪ್ಲಾಸ್ಟಿಕ್ ಕರಗುವಷ್ಟು ಕಾದದ್ದನ್ನು ನೋಡಿದ ಮೇಲೆ ಇದನ್ನು ವಿವರವಾಗಿ ಬರೆಯಬೇಕೆನಿಸಿತು.

ಮೊದಲು ಸೆಲ್ಲನ್ನು ಪರೀಕ್ಷಿಸಿಕೊಳ್ಳಿ. ಇಂಥ ಟಾರ್ಚುಗಳಲ್ಲಿ ಸಾಮಾನ್ಯವಾಗಿ ಇರುವ 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್ಲು. ಈ ಅಳತೆಯ ಉತ್ತಮ ಸೆಲ್ಲುಗಳ ಸಾಮರ್ಥ್ಯ ಸುಮಾರು 3,500 ಎಂಎಎಚ್ (ಮಿಲಿಆಂಪಿಯರ್-ಅವರ್, ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆಂಬುದರ ಅಳತೆ). ಸಂತೆಯಲ್ಲಿ 9,900 ಎಂಎಎಚ್ ಎಂದು ಅಚ್ಚಾಗಿ ಬರುವುದು ಸುಳ್ಳು ಲೇಬಲ್ಲು, ಅದನ್ನು ಮುಟ್ಟಲೇಬೇಡಿ. ಅಸಲಿ ಸೆಲ್ಲು 45ರಿಂದ 50 ಗ್ರಾಂ ತೂಗುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟು ನೋಡಿದರೆ ನಕಲಿಯ ಬಣ್ಣ ಅಲ್ಲೇ ಬಯಲಾಗುತ್ತದೆ.

ಎರಡನೆಯದಾಗಿ, ವೋಲ್ಟೇಜು ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಕೊಳ್ಳಿ. ಡಿಸಿ 20 ವೋಲ್ಟಿನಲ್ಲಿಟ್ಟು ಅಳೆಯುವುದನ್ನು ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯಬಹುದು.

ಈಗ ಎಲ್ಲರೂ ಎಡವುವ ಹಂತಕ್ಕೆ ಬರೋಣ. ಲಿಥಿಯಂ ಅಯಾನ್ ಸೆಲ್ಲು ತುಂಬಿದಾಗ 4.2 ವೋಲ್ಟ್ ಇರುತ್ತದೆ; 3 ವೋಲ್ಟಿಗೆ ಇಳಿದರೆ ಬರಿದಾಯಿತೆಂದೇ ತಿಳಿಯಬೇಕು. 2.5 ವೋಲ್ಟಿಗಿಂತ ಬಹಳ ಕೆಳಗಿಳಿದು ಹಾಗೆಯೇ ಉಳಿದರೆ, ಒಳಗಿನ ತಾಮ್ರದ ಹಾಳೆ ದ್ರಾವಣದಲ್ಲಿ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಕರಗಿದ ತಾಮ್ರ ಬೇರೆಡೆ ಕೂತು ಒಳಗೊಳಗೇ ಶಾರ್ಟ್ ಆಗುವ ಅಪಾಯವಿದೆ. ಸೆಲ್ಲು ಕೆಡುವುದು ಉರಿಸುವಾಗಲಾದರೂ ಬೆಂಕಿಯ ಭಯ ಹುಟ್ಟುವುದು ಚಾರ್ಜ್ ಮಾಡುವಾಗ. ಇದನ್ನು ತಡೆಯಲೆಂದೇ ಒಳ್ಳೆಯ ಟಾರ್ಚಿನ ಸರ್ಕ್ಯೂಟಿನಲ್ಲಿ ಕಡಿಮೆ ವೋಲ್ಟೇಜಿನ ಕಟ್-ಆಫ್ ಇರುತ್ತದೆ. ಸುಮಾರು 3 ವೋಲ್ಟಿನ ಹೊತ್ತಿಗೆ ಬೆಳಕು ತಗ್ಗುತ್ತದೆ ಇಲ್ಲವೇ ಮಿನುಗುತ್ತದೆ, ಇನ್ನೂ ಸ್ವಲ್ಪ ಇಳಿದರೆ ದೀಪ ಆರುತ್ತದೆ. ಹಾಗೆ ಆರಿದ ಟಾರ್ಚನ್ನು ತಟ್ಟಿ ತಟ್ಟಿ ಮತ್ತೆ ಹೊತ್ತಿಸುವವರನ್ನು ಎಷ್ಟೋ ಸಲ ಕಂಡಿದ್ದೇನೆ; ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಟಾರ್ಚಿನಲ್ಲಿ ಈ ಕಟ್-ಆಫ್ ಇದೆಯೇ ಎಂಬುದನ್ನು ಡಬ್ಬಿಯ ಮೇಲಿನ ಬರಹ ನಂಬದೆ ನೀವೇ ಪರೀಕ್ಷಿಸಬೇಕು. ಸೆಲ್ಲು 3.3 ವೋಲ್ಟಿನ ಆಸುಪಾಸಿಗೆ ಬಂದಾಗ ಟಾರ್ಚನ್ನು ಮಧ್ಯಮ ಬೆಳಕಿನಲ್ಲಿ ಉರಿಸಿ, ಐದೈದು ನಿಮಿಷಕ್ಕೊಮ್ಮೆ ಸೆಲ್ಲು ತೆಗೆದು ಅಳೆಯಿರಿ. ದೀಪ ಆರಿಸಿ ಸೆಲ್ಲಿನ ಹೊರೆ ಇಳಿದ ಕೂಡಲೇ ವೋಲ್ಟೇಜು ತುಸು ಮೇಲಕ್ಕೇರುವುದರಿಂದ, ನಿಮಗೆ ಕಾಣುವ ಅಂಕಿ ಉರಿಯುತ್ತಿದ್ದಾಗಿನದಕ್ಕಿಂತ ಹೆಚ್ಚೇ ಇರುತ್ತದೆ ಎಂಬುದು ನೆನಪಿರಲಿ. ಮೀಟರು 2.8 ತೋರಿಸಿದರೂ ದೀಪ ಉರಿಯುತ್ತಲೇ ಇದ್ದರೆ ಅಲ್ಲಿಗೇ ನಿಲ್ಲಿಸಿ. ಆ ಟಾರ್ಚಿಗೆ ರಕ್ಷಣೆ ಇಲ್ಲ. ಪರೀಕ್ಷೆಯನ್ನು ಪೂರ್ಣ ಬೆಳಕಿನಲ್ಲಿ ಮಾಡಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹೆಚ್ಚು ಕರೆಂಟು ಎಳೆದಾಗ ವೋಲ್ಟೇಜು ಕುಸಿದು, ಚಾರ್ಜ್ ಉಳಿದಿದ್ದರೂ ದೀಪ ಬೇಗ ಆರುತ್ತದೆ.

ರಕ್ಷಣೆ ಇಲ್ಲದ ಟಾರ್ಚಿಗೆ, ತಳದಲ್ಲಿ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲನ್ನೇ ಹಾಕಿ. ಅದು ಕೆಲವು ಮಿಲಿಮೀಟರ್ ಉದ್ದವಿರುವುದರಿಂದ ಕೆಲವು ಟಾರ್ಚಿನಲ್ಲಿ ಹಿಡಿಸುವುದಿಲ್ಲ. ಹಿಡಿಸಲೆಂದು ಆ ಸರ್ಕ್ಯೂಟನ್ನೇ ಕಿತ್ತುಹಾಕುವ ರಿಪೇರಿಯವರಿದ್ದಾರೆ, ಅದು ರಿಪೇರಿಯಲ್ಲ. ಒಂದರ ಹಿಂದೊಂದು ಎರಡು ಸೆಲ್ಲು ಹಾಕುವ ಟಾರ್ಚುಗಳನ್ನು ನಾನಂತೂ ಯಾರಿಗೂ ಸೂಚಿಸುವುದಿಲ್ಲ: ಒಟ್ಟು 6 ವೋಲ್ಟ್ ಸರಿಯಾಗಿಯೇ ಕಂಡರೂ, ಒಂದು 3.6 ಇದ್ದು ಇನ್ನೊಂದು 2.4ಕ್ಕೆ ಇಳಿದಿರಬಹುದು. ಅಂಥದ್ದು ಈಗಾಗಲೇ ಮನೆಯಲ್ಲಿದ್ದರೆ ಒಟ್ಟಿಗೆ ಕೊಂಡ ಒಂದೇ ಜಾತಿಯ ಜೋಡಿಯನ್ನೇ ಬಳಸಿ, ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ.

ಬರಿದಾದ ಸೆಲ್ಲು ಕೈಗೆ ಬಂದಾಗ, ಚಾರ್ಜಿಗೆ ಹಾಕುವ ಮೊದಲು ಅಳೆಯಲೇಬೇಕು. 2.5ಕ್ಕಿಂತ ಮೇಲಿದ್ದರೆ ಚಾರ್ಜ್ ಮಾಡಬಹುದು. ಅದಕ್ಕಿಂತ ಕೆಳಗಿದ್ದು ಎಷ್ಟು ದಿನದಿಂದ ಹಾಗಿದೆಯೆಂದು ತಿಳಿಯದಿದ್ದರೆ ಅದನ್ನು ಬಿಟ್ಟುಬಿಡಿ. ಆದರೆ ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲು ಪೂರ್ತಿ ಸೊನ್ನೆ ತೋರಿಸಿದರೆ ಅದು ಸತ್ತೇ ಹೋಗಿದೆಯೆಂದು ಅರ್ಥವಲ್ಲ. ಸರ್ಕ್ಯೂಟು ಕೊಂಡಿ ಕಳಚಿರಬಹುದು. ನಿನ್ನೆ ರಾತ್ರಿಯಷ್ಟೇ ಹಾಗೆ ನಿಂತದ್ದಾದರೆ ಒಳ್ಳೆಯ ಚಾರ್ಜರಿನಲ್ಲಿಟ್ಟ ಕೂಡಲೇ ಅದು ಎಚ್ಚೆತ್ತುಕೊಳ್ಳುತ್ತದೆ. ತುಂಬಿದ ಸೆಲ್ಲಿಗೆ ತಂತಿ ಕಟ್ಟಿ ಬರಿದಾದ ಸೆಲ್ಲಿಗೆ ‘ಜೀವ ಕೊಡುವ’ ಉಪಾಯ ಮೊಬೈಲ್ ವಿಡಿಯೊಗಳಲ್ಲಿ ಹರಿದಾಡುತ್ತಿದೆ. ಅದು ಕೆಟ್ಟ ಸೆಲ್ಲನ್ನು ಸರಿಪಡಿಸುವುದಿಲ್ಲ, ಕೆಟ್ಟದ್ದನ್ನು ಮರೆಮಾಚುತ್ತದೆ.

ಚಾರ್ಜ್ ಮಾಡುವಾಗ 4.2 ವೋಲ್ಟಿಗೆ ತಾನೇ ನಿಲ್ಲುವ ಚಾರ್ಜರ್ ಬಳಸಿ, ಸಿಮೆಂಟ್ ನೆಲದ ಮೇಲಿಡಿ, ಎಚ್ಚರವಿರುವ ಹೊತ್ತಿನಲ್ಲೇ ಮಾಡಿ. ತೋಟದಿಂದ ತಂದ ಬಿಸಿ ಸೆಲ್ಲನ್ನು ತಣಿಯಲು ಬಿಡಿ. ಅಡಿಕೆ ಸಿಪ್ಪೆ, ತೆಂಗಿನ ನಾರು ಇರುವ ಕೊಟ್ಟಿಗೆಯಲ್ಲಿ ಚಾರ್ಜಿಗೆ ಇಡಲೇಬಾರದು. ಹೊಗೆ ಕಂಡರೆ ಅದರ ಬಳಿ ಬಾಗಿ ನೋಡದೆ ಎಲ್ಲರೂ ಹೊರಗೆ ಬನ್ನಿ. ಆ ಹೊಗೆಯಲ್ಲಿ ವಿಷಕಾರಿಯಾದ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ.

ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದ ಸೆಲ್ಲನ್ನು ಬಳಸಬೇಡಿ, ಬಿಡಿ ಸೆಲ್ಲನ್ನು ಬೀಗದ ಕೈಗಳ ಜೊತೆ ಜೇಬಿಗೆ ಹಾಕಬೇಡಿ. ಬಿಟ್ಟುಬಿಟ್ಟ ಸೆಲ್ಲಿನ ಎರಡೂ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಪಡೆಯುವವರಿಗೇ ಕೊಡಿ. ಕಸದ ಗಾಡಿಯಲ್ಲಿ ಅದು ಜಜ್ಜಿಹೋದರೆ ಬೆಂಕಿ ಹೊತ್ತಬಹುದು. ಮಳೆಗಾಲದಲ್ಲಿ ಟಾರ್ಚಿಗೆ ಕೆಲಸವಿಲ್ಲದಾಗ ಸೆಲ್ಲನ್ನು 3.7 ವೋಲ್ಟಿನ ಸುಮಾರಿನಲ್ಲಿ ಹೊರತೆಗೆದಿಡಿ. ಸ್ವಿಚ್ಚು ಆಫ್ ಇದ್ದರೂ ಒಳಗಿನ ಎಲೆಕ್ಟ್ರಾನಿಕ್ ಗುಂಡಿ ಸ್ವಲ್ಪ ಸ್ವಲ್ಪವೇ ಕರೆಂಟು ಹೀರುತ್ತಿರುತ್ತದೆ. ದಿನವೂ ಬಳಸುವ ಟಾರ್ಚಿನಲ್ಲಾದರೆ ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿಟ್ಟರೆ ಬಹುತೇಕ ಟಾರ್ಚುಗಳಲ್ಲಿ ಅದೂ ನಿಲ್ಲುತ್ತದೆ.