ಎಂಜಿನ್ ಕಟ್ಟಿಸಿದ ಮೇಲೆ ಎಳೆತ ಇಲ್ಲವೇ? ಟೈಮಿಂಗ್ ಬೆಲ್ಟ್ ನೋಡಿ

ನನ್ನ ಹಳೆ ಮಾರುತಿ 800ರ ಎಂಜಿನ್ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸಿದ್ದೆ. ಸ್ಟಾರ್ಟ್ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟರೆ ನವಲೂರು ಏರಿನಲ್ಲಿ ಎಳೆತವೇ ಇಲ್ಲ. ಕಾರ್ಬುರೇಟರ್ ತೊಳೆಸಿದೆ, ಪ್ಲಗ್ ಬದಲಿಸಿದೆ. ಫರಕು ಬೀಳಲಿಲ್ಲ.

ಗೋಕುಲ ರೋಡಿನ ಪರಿಚಯದ ಮಿಸ್ತ್ರಿ, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿದರು. ಮೂರೂ ಸಿಲಿಂಡರಿನಲ್ಲಿ ಒತ್ತಡ ಕಡಿಮೆ, ಆದರೆ ಹೆಚ್ಚುಕಮ್ಮಿ ಒಂದೇ ಸಮ. ಪ್ಲಗ್ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿದರು. ರಿಂಗ್ ಸೋರುತ್ತಿದ್ದರೆ ಆಯಿಲ್ ಆ ಸಂದು ಮುಚ್ಚಿ ಆಗ ಒತ್ತಡ ಚೆನ್ನಾಗಿ ಏರಬೇಕು. ಏರಲಿಲ್ಲ.

"ಬೆಲ್ಟ್ ನೋಡೋಣ್ರಿ ಸರ್" ಅಂದರು. ಪಿಸ್ಟನ್‌ಗೆ ಜೋಡಿಸಿದ ಕ್ರ್ಯಾಂಕ್ ತಿರುಗಿದಂತೆ, ವಾಲ್ವ್ ತೆರೆಸುವ ಕ್ಯಾಮನ್ನೂ ತಾಳ ತಪ್ಪದೆ ತಿರುಗಿಸುವುದೇ ಈ ಟೈಮಿಂಗ್ ಬೆಲ್ಟ್. ಕವರ್ ಬಿಚ್ಚಿದರೆ ಕ್ರ್ಯಾಂಕ್ ಗುರುತು ಸರಿಯಾಗಿತ್ತು, ಕ್ಯಾಮ್ ಗುರುತು ಮಾತ್ರ ಒಂದು ಹಲ್ಲು ಹಿಂದೆ. ಹೀಗಾಗಿ ಗಾಳಿ ಒಳಬಿಡುವ ವಾಲ್ವ್ ತಡವಾಗಿ ಮುಚ್ಚಿದರೆ ಒಳಗೆ ಎಳೆದ ಗಾಳಿ ಸ್ವಲ್ಪ ವಾಪಸ್ ಹೋಗುತ್ತದೆ. ಮತ್ತೆ ಒತ್ತಡ ಎಲ್ಲಿಂದ ಬರಬೇಕು, ಅಲ್ವಾ?

ಗುರುತು ಕೂಡಿಸಿ ಬೆಲ್ಟ್ ಹಾಕಿದರು. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬಿಗಿದ ಮೇಲೆ ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿದರು. ಇದನ್ನು ಬಿಡಲೇಬೇಡಿ, ಬಿಗಿ ಮಾಡುವಾಗಲೇ ಹಲ್ಲು ಜಾರಬಹುದು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರನ್ನೂ, ಕಿಡಿ ಬೀಳುವ ಹೊತ್ತು ತೋರಿಸುವ ಟೈಮಿಂಗ್ ಲೈಟ್ ಹಿಡಿದು ಹೊಂದಿಸಿದರು. ಈಗ ನವಲೂರು ಏರನ್ನು ಗಾಡಿ ಆರಾಮಾಗಿ ಹತ್ತುತ್ತದೆ.