ಡಂಪಿ ಲೆವೆಲ್ ಬಿಟ್ಟು ಲೋಕಸಭೆಗೆ: ನನ್ನ ಅನುಭವ

"ಎಸ್ಟಿಮೇಟ್ ಬರೆಯೋನಿಗೆ ಓಟು ಬೀಳಲ್ಲ ಸಾರ್" ಅಂದಿದ್ದ ನನ್ನ ಕೈಕೆಳಗಿನ ಜೆಇ, ಅಂದರೆ ಕಿರಿಯ ಎಂಜಿನಿಯರ್. 2013ರ ಮಾತು. ನಾನಾಗ ಎಇಇ, ಅಂದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್. ನೆಲದ ಏರಿಳಿತ ಅಳೆಯುವ ಡಂಪಿ ಲೆವೆಲ್ ಬಿಟ್ಟು ಚುನಾವಣೆಗೆ ನಿಲ್ಲೋಣವೆಂದು ಸ್ವಯಂ ನಿವೃತ್ತಿಗೆ ಅರ್ಜಿ ಹಾಕಿ ಕೂತಿದ್ದೆ. ಮೊದಲ ಸಲ ಅವನ ಬಾಯಿ ಮಾತೇ ನಿಜವಾಯಿತು.

2014ರಲ್ಲಿ ಪಕ್ಷೇತರನಾಗಿ ನಿಂತೆ. ಸೈಟು ಮಾರಿದ ದುಡ್ಡಲ್ಲಿ 22 ಲಕ್ಷವೋ 23 ಲಕ್ಷವೋ ಕರಗಿತು. ಕಾಲುವೆಯ ಅಗಲ-ಆಳದ ನಕ್ಷೆ, ಏತ ನೀರಾವರಿಯ ಖರ್ಚು ಎಲ್ಲ ಸೇರಿಸಿ 64 ಪುಟದ ವರದಿ ಅಚ್ಚು ಹಾಕಿಸಿದ್ದೆ. ಅದೇ ದೊಡ್ಡ ತಪ್ಪು. ಊರೂರಲ್ಲಿ ಜನ ಕೇಳಿದ್ದು ಒಂದೇ: "ನಮ್ಮ ಬೀದಿ ಚರಂಡಿ ಯಾವಾಗ?" ಬಂದದ್ದು 38 ಸಾವಿರ ಓಟಿನ ಆಸುಪಾಸು. ಠೇವಣಿ ಉಳಿಯಲು ಬೇಕಾದ ಆರನೇ ಒಂದು ಭಾಗದ ಹತ್ತಿರವೂ ಸುಳಿಯಲಿಲ್ಲ, ಠೇವಣಿ ಹೋಯಿತು. ಮನೆಯವಳು ಆ 25 ಸಾವಿರಕ್ಕೆ ಅತ್ತಷ್ಟು ಸೈಟಿಗೂ ಅಳಲಿಲ್ಲ.

ಆಮೇಲೆ ಇಡೀ ವರ್ಷ ಮಾಡಿದ್ದು ಒಂದೇ ಕೆಲಸ. ಮತಗಟ್ಟೆವಾರು ಫಲಿತಾಂಶದ ನಮೂನೆ 20 ಹಿಡಿದುಕೊಂಡು ಎಂಟೂ ವಿಧಾನಸಭಾ ಕ್ಷೇತ್ರ ಸುತ್ತಿದೆ. ಸುಮಾರು 1,900 ಮತಗಟ್ಟೆ. ಪ್ರತಿಯೊಂದಕ್ಕೂ ಒಂದೇ ಹಾಳೆ, ಅದರಲ್ಲಿ ಒಂದೇ ಕಾಮಗಾರಿ, ಸರ್ಕಾರಿ ದರಪಟ್ಟಿಯ (ಎಸ್.ಆರ್.) ಪ್ರಕಾರ ಅದರ ಅಂದಾಜು. ಮೋರಿ, ಶಾಲೆಯ ಸೂರು, ನೀರಿನ ಟ್ಯಾಂಕು, ಇಂಥವೇ. ಗೆಳೆಯರು ನಕ್ಕರು. ಆದರೆ ಪಕ್ಷದವರು ಟಿಕೆಟ್ ಕೊಟ್ಟದ್ದು ಈ ಹಾಳೆಗಳ ಕಟ್ಟು ನೋಡಿಯೇ. 2019ರಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿ 70 ಲಕ್ಷವಿತ್ತು. ನಾನು ಸಲ್ಲಿಸಿದ ಲೆಕ್ಕ 52 ಲಕ್ಷದ ಹತ್ತಿರ. ಎಂ.ಬಿ., ಅಂದರೆ ಮುಗಿದ ಕಾಮಗಾರಿಯ ಅಳತೆ ಪುಸ್ತಕ ಬರೆದ ಕೈ ನೋಡಿ, ಖರ್ಚಿನ ರಿಜಿಸ್ಟರ್ ತಪಾಸಣೆಗೆ ಬಂದವರು ಟೀ ಕುಡಿದು ಎದ್ದುಹೋದರು. ಯಾವ ಹಾಳೆಯನ್ನು ಯಾರ ಕೈಯಲ್ಲಿ ಹಂಚಿಸಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ.

ಗೆದ್ದೆ. ದಿಲ್ಲಿಯಲ್ಲಿ ಮೊದಲು ಭಾಷಣಕ್ಕೇ ಬಿದ್ದೆ. ತುರ್ತು ವಿಷಯ ಎತ್ತುವ ಶೂನ್ಯವೇಳೆಯಲ್ಲಿ ಕೂಗಿದ್ದು ಊರಿನ ಪತ್ರಿಕೆಯಲ್ಲಿ ಬಂತು, ಕೆಲಸ ಇದ್ದಲ್ಲೇ ಇತ್ತು. ರೈಲು ಹಳಿ ಕೆಳಗೊಂದು ದಾರಿ ಆಗಬೇಕಿತ್ತು, ಎರಡು ಕಚೇರಿಗಳು ಒಂಬತ್ತು ವರ್ಷದಿಂದ ಪತ್ರ ಬರೆದುಕೊಳ್ಳುತ್ತಿದ್ದವು. ಕೊನೆಗೆ ಪ್ರಶ್ನೆಗೆ ಇಳಿದೆ. ಸಚಿವರು ಸದನದಲ್ಲೇ ಬಾಯಿಮಾತಲ್ಲಿ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20 ಮಾತ್ರ, ಲಾಟರಿ ಹತ್ತಬೇಕು. ಲಿಖಿತ ಉತ್ತರ ಸಿಗುವ ಗುರುತಿಲ್ಲದವು 230. ಎಲ್ಲರಿಗೂ ಟಿವಿಯಲ್ಲಿ ಕಾಣುವ ಚುಕ್ಕೆಯದೇ ಆಸೆ. ನಾನು ಗುರುತಿಲ್ಲದ್ದನ್ನೇ ಹಿಡಿದೆ. 'ಯಾವಾಗ ಮುಗಿಯುತ್ತದೆ' ಅಂತ ಕೇಳಲಿಲ್ಲ. ಇಷ್ಟನೇ ತಾರೀಕಿಗೆ ಅಳತೆ ಪುಸ್ತಕದಲ್ಲಿ ಎಷ್ಟು ದಾಖಲಾಗಿದೆ, ಎಷ್ಟು ಪಾವತಿಯಾಗಿದೆ ಅಂತ ಕೇಳಿದೆ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಅಂತ ಉತ್ತರ ಬಂತು. ನನಗೆ ಬೇಕಾಗಿದ್ದದ್ದೂ ಅದೇ! ಹಾಗೆಂದರೆ ಅದು ಸದನಕ್ಕೆ ಕೊಟ್ಟ ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ. ಎಂಟು ತಿಂಗಳಲ್ಲಿ ಜೆಸಿಬಿ ಬಂತು. ಇದರಲ್ಲಿ ಇನ್ನೊಂದು ಕೀಲಿದೆ, ಈಗ ಹೇಳಲ್ಲ.

ನಡುವೆ ಖಾಸಗಿ ಮಸೂದೆಯ, ಅಂದರೆ ಸಚಿವರಲ್ಲದ ಸದಸ್ಯ ತರುವ ಮಸೂದೆಯ ಹುಚ್ಚೂ ಹತ್ತಿತ್ತು. ಅಳತೆ ಪುಸ್ತಕವನ್ನು ಊರವರೂ ನೋಡುವಂತಿರಬೇಕು ಅಂತ ಒಂದು ಮಸೂದೆ ಬರೆದೆ. ಸ್ವಾತಂತ್ರ್ಯಾನಂತರ ಇಂಥ ಖಾಸಗಿ ಮಸೂದೆಗಳು ಕಾನೂನಾಗಿದ್ದು 14 ಮಾತ್ರ, ಕೊನೆಯದು 1970ರಲ್ಲಿ. ಗೊತ್ತಿದ್ದೂ ಬರೆದೆ. ಇಂಥ ಮಸೂದೆಗಳಿಗೆ ಮೀಸಲಾದ ಶುಕ್ರವಾರಗಳು ಕಳೆದವು, ಚರ್ಚೆಗೇ ಬರಲಿಲ್ಲ, ಸದನದ ಅವಧಿ ಮುಗಿದಾಗ ಅದೂ ಸತ್ತಿತು. ಎಂಜಿನಿಯರ್ ಕೆ.ಎಲ್. ರಾವ್ 1962ರಲ್ಲಿ ವಿಜಯವಾಡದಿಂದ ಗೆದ್ದು ನೀರಾವರಿ ಸಚಿವರಾದರು, ಅವರ ಕಾಲವೇ ಬೇರೆ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ ಅಂತ ಹಾಳೆಗಳನ್ನು ಹೊಂದಿಸಿಟ್ಟಿದ್ದೆ. 2020ರ ಏಪ್ರಿಲ್‌ನಲ್ಲಿ ಅದು ನಿಂತೇಹೋಯಿತು. 2021ರ ಕೊನೆಗೆ ಮತ್ತೆ ಶುರುವಾದಾಗ ಆ ವರ್ಷಕ್ಕೆ 2 ಕೋಟಿ ಅಷ್ಟೇ. ಕೊಟ್ಟ ಮಾತಿನ ಪಟ್ಟಿಯಲ್ಲಿ ಮುಕ್ಕಾಲು ಭಾಗ ಉಳಿದೇಹೋಯಿತು. ಆ ಎರಡು ವರ್ಷ ಕೆಲವು ಊರುಗಳಿಗೆ ಹೋಗಲೇ ಇಲ್ಲ, ನಾಚಿಕೆಯಾಗುತ್ತಿತ್ತು.

ಹಳಿ ಕೆಳಗಿನ ದಾರಿಯಲ್ಲಿ ಮೊದಲ ಮಳೆಗೇ ಮೊಣಕಾಲುದ್ದ ನೀರು ನಿಂತಿತು. ಹಳೇ ಡಂಪಿ ಲೆವೆಲ್ ತರಿಸಿ, ಅದೇ ಜೆಇ ಕೈಲಿ ಅಳತೆಯ ಕೋಲು (ಸ್ಟಾಫ್) ಹಿಡಿಸಿ ನಾನೇ ನೋಡಿದೆ. ಚರಂಡಿಯ ಇಳಿಜಾರು ಉಲ್ಟಾ. ಮುಂದಿನ ಅಧಿವೇಶನದ ಪ್ರಶ್ನೆಯನ್ನು ಅಲ್ಲೇ, ಕಾರಿನ ಬಾನೆಟ್ ಮೇಲೆ ಬರೆದೆ.