ತೊಗರಿಗೆ ನೆಟೆ ಬಿದ್ದ ಮೇಲೆ

ನಮ್ಮ ಆಳಂದ ಕಡೆ ತೊಗರಿ ಬಿತ್ತುವವರ ಬಾಯಲ್ಲಿ ವರ್ಷವಿಡೀ ಒಂದೇ ಮಾತು: "ಈ ಸಲ ಛಲೋ ಬರ್ತದ." ಮಿರಗದ ಮಳೆ ತಡವಾದರೂ ಅದೇ, ಎಳ್ಳಮಾಸಿಗೆ ಚರಗ ಚೆಲ್ಲುವಾಗಲೂ ಅದೇ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತುಂಬ ನೆಟೆ ರೋಗ ಬಿದ್ದು, ಹೂವು ಕಾಯಿ ಹೊತ್ತ ಗಿಡಗಳು ನಿಂತಲ್ಲೇ ಒಣಗಿದವು. ಆಗಲೂ ಕಟ್ಟೆ ಮೇಲೆ ಕೂತ ನಮ್ಮ ಕಾಕಾ, "ಬರೋ ವರ್ಷ ನೆಟಿ ಬರಂಗಿಲ್ಲ ಬಿಡಪ್ಪ" ಅಂದರು.

"ಯಾಕ ಬರಂಗಿಲ್ಲ ಕಾಕಾ?"

"ವರ್ಷಾ ವರ್ಷಾ ಬರ್ತದೇನು?"

ಬರ್ತದೆ. ನೆಟೆಯಲ್ಲೇ ಒಂದು ಬಗೆ ಸೊರಗು ರೋಗ. ಅದನ್ನು ತರುವ ಶಿಲೀಂಧ್ರ ಮಣ್ಣಿನಲ್ಲಿ, ಕೊಯ್ದು ಬಿಟ್ಟ ಕೂಳೆಯಲ್ಲಿ ಮೂರು ವರ್ಷವಾದರೂ ಸಾಯದೆ ಕೂತಿರುತ್ತದೆ. ಅದೇ ಹೊಲಕ್ಕೆ ಮತ್ತೆ ತೊಗರಿ ಹಾಕಿದರೆ ಅದಕ್ಕೆ ಊಟ ಬಡಿಸಿದಂತೆ. ಒಣಗಿದ ಗಿಡಗಳನ್ನು ಕಿತ್ತು ಕಾಂಡ ಸೀಳಿ ನೋಡಿದೆ. ಒಳಗೆ ಕಂದು ಗೆರೆ, ಹೊರಗೆ ಬುಡದಿಂದ ಮೇಲಕ್ಕೆ ಹತ್ತಿದ ನೇರಳೆ ಪಟ್ಟಿ: ಇದು ಸೊರಗು. ಇನ್ನು ಕೆಲವು ಗಿಡಗಳ ಬೇರೇ ಕೊಳೆತು, ಹಿಡಿದೆಳೆದರೆ ಪಟಕ್ಕನೆ ತುಂಡಾಗುತ್ತಿತ್ತು. ಅದು ಒಣಬೇರು ಕೊಳೆ. ಎರಡನ್ನೂ ನಾವು ನೆಟೆ ಅಂತಲೇ ಕರೆಯುತ್ತೇವೆ.

ಹೆಚ್ಚು ಸತ್ತ ಹೊಲಕ್ಕೆ ಮರು ವರ್ಷ ತೊಗರಿ ಹಾಕಲಿಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ. ಮನೆಯಲ್ಲಿ ಒಪ್ಪಿಗೆ ಸುಲಭಕ್ಕೆ ಸಿಗಲಿಲ್ಲ, ಯಾಕೆಂದರೆ ತೊಗರಿ ಅಂದರೆ ನಮಗೆ ನಗದು. ಮಗಳ ಕಾಲೇಜು, ಸೊಸೈಟಿ ಸಾಲ ಎಲ್ಲ ಅದರ ಮೇಲೆಯೇ. ಜೋಳದ ಕಣಿಕಿ (ಒಣಮೇವು) ಬಣವಿ ಎದ್ದ ಮೇಲೆ ದನದ ಮುಖ ನೋಡಿ ಎಲ್ಲರೂ ತಣ್ಣಗಾದರು.

ಉಳಿದ ಹೊಲಕ್ಕೆ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ ಜಿಆರ್‌ಜಿ-811 ಬೀಜ ತಂದೆ. ನೆಟೆ ತಡೆದುಕೊಳ್ಳುವ ತಳಿ ಅಂದರೆ ನೆಟೆ ಬರುವುದೇ ಇಲ್ಲ ಅಂತಲ್ಲ, ಅದನ್ನು ಅಲ್ಲಿಯವರೇ ಹೇಳಿ ಕಳಿಸಿದರು. ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಹಚ್ಚಿ ನೆರಳಲ್ಲಿ ಆರಿಸಿ ಬಿತ್ತಿದೆ. ಬಿತ್ತನೆಗೆ ಮುಂಚೆಯೇ ಹಳೆ ತಿಪ್ಪೆಗೊಬ್ಬರಕ್ಕೆ ಟ್ರೈಕೋಡರ್ಮಾ ಕಲಸಿ, ಗೋಣಿ ಚೀಲ ಮುಚ್ಚಿ, ದಿನಾ ನೀರು ಚಿಮುಕಿಸಿ ಇಟ್ಟಿದ್ದೆ. ಹಸಿರು ಬೂಸು ಹಿಡಿದಾಗ ಅಮ್ಮ "ಗೊಬ್ಬರ ಕೆಟ್ಟದ" ಅಂತ ಹೊರಗೆ ಎಸೆಯಲು ಹೊರಟಿದ್ದಳು. ಅದೇ ನಮಗೆ ಬೇಕಾದ್ದು! ತೊಗರಿ ಸಾಲಿನ ನಡುವೆ ಜೋಳವನ್ನೂ ಹಾಕಿದೆ. ಜೋಳ ಜೊತೆಗಿದ್ದರೆ ಸೊರಗು ಕಡಿಮೆ. ನಮ್ಮ ಅಜ್ಜಂದಿರು ಬರೀ ತೊಗರಿ ಬಿತ್ತುತ್ತಿರಲಿಲ್ಲ.

ನಮ್ಮ ಎರೆ ಭೂಮಿಯಲ್ಲಿ ನೀರು ನಿಲ್ಲುವುದೇ ದೊಡ್ಡ ಕಾಟ. ಸಾಲುಗಳ ನಡುವೆ ಅಲ್ಲಲ್ಲಿ ಕಾಲುವೆ ತೆಗೆದು ನೀರನ್ನು ಬದುವಿನ ಆಚೆ ಹರಿಸಿದೆ. ಐವತ್ತು ದಿನದ ಒಳಗೆ ಕುಡಿ ಚಿವುಟಿಸಿದೆ, ಹೂ ಬಿಡುವಾಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಪಲ್ಸ್ ಮ್ಯಾಜಿಕ್ ಎಂಬ ಪೋಷಕಾಂಶದ ಪುಡಿಯನ್ನು ಎಕರೆಗೆ 2 ಕೆಜಿಯಂತೆ ಸಿಂಪಡಿಸಿದೆ. ಕಾಯಿಕೊರಕಕ್ಕೆ ಹಳೇ ಪದ್ಧತಿಯೇ: ತಾಡಪತ್ರಿ ಹಾಸಿ ಗಿಡ ಅಲುಗಿಸಿ ಹುಳು ಉದುರಿಸುವುದು.

"ವಿಮಾ ಬರ್ತದ" ಅನ್ನುವುದು ಇನ್ನೊಂದು ಆಸೆ. ವಿಮೆ ತಾನಾಗಿ ಬರುವುದಿಲ್ಲ. ಮುಂಗಾರು ತೊಗರಿಗೆ ವಿಮಾ ಮೊತ್ತದ ನೂರಕ್ಕೆ 2ರಷ್ಟು ಕಂತನ್ನು ಗಡುವಿನೊಳಗೆ ಕಟ್ಟಬೇಕು. ಬೆಳೆ ಸಮೀಕ್ಷೆಯಲ್ಲೂ ಆ ಸರ್ವೇ ನಂಬರಿಗೆ ತೊಗರಿಯೇ ಇರಬೇಕು. ಸಮೀಕ್ಷೆಯಲ್ಲಿ ಸೋಯಾ ಅಂತಿದ್ದರೆ ಕಟ್ಟಿದ ಕಂತು ಕೆಲಸಕ್ಕೆ ಬಾರದು, ಅದಕ್ಕೇ ಆ್ಯಪಿನಲ್ಲಿ ಫೋಟೊ ಕೂಡ ನಾನೇ ತೆಗೆದು ಹಾಕಿದೆ. ಮತ್ತೊಂದು: ನೆಟೆಗೆ ಪರಿಹಾರ ಲೆಕ್ಕ ಹಾಕುವುದು ಪಂಚಾಯಿತಿ ಮಟ್ಟದ ಬೆಳೆ ಕಟಾವು ಪ್ರಯೋಗದ ಇಳುವರಿ ಮೇಲೆ. ನನ್ನೊಬ್ಬನ ಹೊಲ ಒಣಗಿದರೆ ವಿಮೆ ಸಿಗುವುದಿಲ್ಲ. ಇದು ತಿಳಿದ ಮೇಲೆ ಬೀಜೋಪಚಾರದ ಬೆಲೆ ಇನ್ನಷ್ಟು ಗೊತ್ತಾಯಿತು.

ದರದ ಆಸೆಗೆ ನನ್ನ ಹತ್ತಿರ ಹೆಚ್ಚು ಮದ್ದಿಲ್ಲ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ರಾಶಿ ಆಗಿ ಎಲ್ಲರ ಮಾಲೂ ಒಟ್ಟಿಗೆ ಗಂಜಿಗೆ (ಮಾರುಕಟ್ಟೆಗೆ) ಬಿದ್ದಾಗ ಅಡತಿ ಅಂಗಡಿಯಲ್ಲಿ ಏನು ಕೂಗುತ್ತಾರೋ ಅದು ಬೇರೆ. ಬೆಂಬಲ ಬೆಲೆಯ ಖರೀದಿ ಕೇಂದ್ರದ ನೋಂದಣಿಗೆ ಫ್ರೂಟ್ಸ್ ಐಡಿ (ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ), ಪಾಸ್‌ಬುಕ್ ಮೊದಲೇ ಸರಿ ಮಾಡಿ ಇಟ್ಟುಕೊಳ್ಳುವುದಷ್ಟೇ ನನ್ನ ಕೈಯಲ್ಲಿದೆ.

ಇಷ್ಟಾದರೂ ತಗ್ಗಿನ ಮೂಲೆಯಲ್ಲಿ ಅಷ್ಟಷ್ಟು ಗಿಡ ಒಣಗುವುದು ನಿಂತಿಲ್ಲ, ಉಳಿದ ಹೊಲಕ್ಕೆ ಹಬ್ಬಲಿಲ್ಲ ಅಷ್ಟೇ. ಆ ಮೂಲೆಗೆ ಈ ಬೇಸಿಗೆ ಆಳವಾಗಿ ನೇಗಿಲು ಹೊಡೆಸಿ, ಕೂಳೆ ಆರಿಸಿ ಸುಟ್ಟು, ಮಣ್ಣನ್ನು ಬಿಸಿಲಿಗೆ ಬಿಡಬೇಕು. ಟ್ರ್ಯಾಕ್ಟರಿನವನಿಗೆ ಹೇಳಿದ್ದೇನೆ. ಬಾಡಿಗೆ ಕೇಳಿ ಎದೆ ಝಲ್ ಅಂದಿದೆ, ಚೌಕಾಶಿ ಇನ್ನೂ ನಡೆದಿದೆ.